ಕಡಲಂಚಿನ ಹೀತ್ ನೆಲ ಕಾಯುವುದು ಹೇಗೆ: ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳಿಗಾಗಿ ಸಮಗ್ರ ಮಾರ್ಗದರ್ಶಿ

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳುತ್ತಾರೆ, ಇವತ್ತು ಏನು ಮಾಡಿದೆ ಅಂತ. ಚಳಿಗಾಲದಲ್ಲಿ ನನ್ನ ಉತ್ತರ ಹೆಚ್ಚಾಗಿ ಒಂದೇ: ಬೆಳಿಗ್ಗೆಯಿಂದ ಗಿಡ ಕಿತ್ತೆ. ಮೊದಲ ಸಲ ಹೇಳಿದಾಗ ಅವರಿಗೆ ಬೇಜಾರಾಯಿತು. "ಹಕ್ಕಿ ಉಳಿಸೋಕೆ ಹೋಗ್ತೀನಿ ಅಂದೆ, ಗಿಡ ಯಾಕೆ ಕೀಳ್ತೀಯ?" ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೇ ಎರಡು ವರ್ಷ ಬೇಕಾಯಿತು.

ನಾನಿರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೊಕ್‌ನಲ್ಲಿ. ಇಪ್ಸ್‌ವಿಚ್ ಪಕ್ಕದ ಮಾರ್ಟಲ್‌ಶಮ್‌ಗೆ ಟೆಲಿಕಾಂ ಕೆಲಸಕ್ಕೆಂದು ಬಂದ ಕನ್ನಡದವರು ಇಲ್ಲಿ ಇದ್ದಾರೆ. ಅವರಿರುವ ಬಡಾವಣೆಯ ಹೆಸರಿನಲ್ಲೇ 'ಹೀತ್' ಇದೆ. ಆದರೆ ಹೀತ್ ಅಂದರೆ ಏನು ಅಂತ ಕೇಳಿದವರು ಕಡಿಮೆ. ವಾರಾಂತ್ಯದಲ್ಲಿ ಕೈಗೆ ಗ್ಲೌಸ್ ಹಾಕಿಕೊಂಡು ಬರಲು ತಯಾರಿರುವವರಿಗೆ, ಅಥವಾ ಒಂದು ತುಂಡು ಹೀತ್ ನೋಡಿಕೊಳ್ಳುವ ಜವಾಬ್ದಾರಿ ಹೊತ್ತವರಿಗೆ ಇದನ್ನು ಬರೆಯುತ್ತಿದ್ದೇನೆ. ಎತ್ತರದ ಗುಡ್ಡಗಳ ಮೂರ್‌ಲ್ಯಾಂಡಿನ ಕತೆ ಸ್ವಲ್ಪ ಬೇರೆ. ಇಲ್ಲಿ ಹೇಳುವುದು ಸಮುದ್ರದ ಅಂಚಿನ ತಗ್ಗು ಹೀತ್ ಬಗ್ಗೆ.

ಈ ನೆಲ ಹೇಗೆ ಹುಟ್ಟಿತು

ಹೀತ್ ಅಂದರೆ ಮರಳು ನೆಲ. ಮಣ್ಣು ಹುಳಿ, ಸಾರ ಇಲ್ಲ. ಅದರ ಮೇಲೆ ಮೊಣಕಾಲೆತ್ತರದ ಹೆದರ್ ಪೊದೆ. ಆಗಸ್ಟ್‌ನಲ್ಲಿ ಅದು ಹೂ ಬಿಟ್ಟರೆ ಇಡೀ ಬಯಲು ನೇರಳೆ. ನಡುನಡುವೆ ಗಾರ್ಸ್ ಎಂಬ ಮುಳ್ಳುಪೊದೆ, ಅಲ್ಲಲ್ಲಿ ಬರಿ ಮರಳು, ಒಂದೆರಡು ಪೈನ್ ಮರ. ಸಫೊಕ್ ಕರಾವಳಿಯ ಈ ಪಟ್ಟಿಗೆ ಸ್ಯಾಂಡ್ಲಿಂಗ್ಸ್ ಅಂತ ಹೆಸರು.

ಇದು ತಾನಾಗಿ ಆದ ಬಯಲಲ್ಲ. ಸಾವಿರಾರು ವರ್ಷ ಹಿಂದೆ ಜನ ಕಾಡು ಕಡಿದರು. ಆಮೇಲೆ ಕುರಿ ಮೇಯಿಸಿದರು, ಒಲೆಗೆ ಗಾರ್ಸ್ ಕಡಿದರು, ದನಗಳ ಕೆಳಗೆ ಹಾಸಲು ಬ್ರಾಕನ್ ಎಂಬ ಜರೀಗಿಡ ಕೊಯ್ದರು. ಪ್ರತಿ ವರ್ಷ ನೆಲದ ಸಾರ ಹೊರಗೆ ಹೋಗುತ್ತಲೇ ಇತ್ತು. ಆ ಬಡ ನೆಲವೇ ಕೆಲವು ಹಕ್ಕಿಗಳ ಮನೆಯಾಯಿತು. ಈಗ ಗ್ಯಾಸ್ ಬಂದಿದೆ, ಕುರಿ ಹೋಗಿವೆ. 1953ರಲ್ಲಿ ಬ್ರಿಟನ್ನಿಗೆ ಮಿಕ್ಸೊಮಟೋಸಿಸ್ ರೋಗ ಬಂದು ಹುಲ್ಲು ಮೆಲ್ಲುತ್ತಿದ್ದ ಮೊಲಗಳೂ ಸತ್ತವು. ಉಳಿದದ್ದರಲ್ಲಿ ಎಷ್ಟೋ ನೆಲ ಹೊಲವಾಯಿತು, ಪೈನ್ ತೋಪಾಯಿತು, ಮನೆಯಾಯಿತು. 1800ರಿಂದ ಈಚೆಗೆ ಬ್ರಿಟನ್ನಿನ ತಗ್ಗು ಹೀತ್‌ನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಹೋಗಿದೆ.

ಅಳಿದುಳಿದ ತುಂಡನ್ನು ಸುಮ್ನೆ ಬಿಟ್ಟರೆ ಏನಾಗುತ್ತದೆ? ಬರ್ಚ್ ಮತ್ತು ಪೈನ್ ಸಸಿ ಏಳುತ್ತವೆ. ಇಪ್ಪತ್ತು ಮೂವತ್ತು ವರ್ಷದಲ್ಲಿ ಅದು ಎಳೆ ಕಾಡು. ಮರ ಇದ್ದರೆ ಒಳ್ಳೆಯದೇ ಅಲ್ವಾ ಅನಿಸುತ್ತದೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಅದು ಮನೆ ಕಳೆದುಕೊಂಡಂತೆ. ಈ ತಪ್ಪು ನಮಗೆ ಹೊಸದಲ್ಲ. ರಾಣೆಬೆನ್ನೂರಿನ ಹುಲ್ಲುಗಾವಲಲ್ಲಿ ನೀಲಗಿರಿ ನೆಟ್ಟೆವು. ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಓಡಾಡುತ್ತಿದ್ದ ಬಯಲು ಅದು. ಬಯಲನ್ನು 'ಪಾಳು' ಅಂದುಕೊಂಡು ಮರ ನೆಡುವ ಅಭ್ಯಾಸ ಅಲ್ಲೂ ಇದೆ, ಇಲ್ಲೂ ಇದೆ.

ಯಾರಿಗಾಗಿ ಈ ಕೆಲಸ

ಮೂರು ಹಕ್ಕಿಗಳನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಕು. ಅವುಗಳ ಬೇಡಿಕೆ ಬೇರೆ ಬೇರೆ, ಅದಕ್ಕೇ ಕೆಲಸವೂ ಬೇರೆ ಬೇರೆ.

ನೈಟ್‌ಜಾರ್: ನಮ್ಮ ಬಯಲುಸೀಮೆಯಲ್ಲಿ ರಾತ್ರಿ ಬೈಕಿನ ಬೆಳಕಿಗೆ ರಸ್ತೆ ನಡುವೆ ಕೆಂಡದಂತೆ ಕಣ್ಣು ಹೊಳೆಸುವ ಹಕ್ಕಿಯ ಬಂಧು ಇದು. ಮೇ ತಿಂಗಳಲ್ಲಿ ಆಫ್ರಿಕಾದಿಂದ ಬರುತ್ತದೆ. ಗೂಡು ಕಟ್ಟುವುದೇ ಇಲ್ಲ, ಬರಿ ನೆಲದ ಮೇಲೆ ಎರಡು ಮೊಟ್ಟೆ. ತಿನ್ನುವುದು ಪತಂಗ, ಜೀರುಂಡೆ.

ವುಡ್‌ಲಾರ್ಕ್: ಫೆಬ್ರವರಿಯಲ್ಲೇ ಹಾಡಲು ಶುರು. ಮಾರ್ಚ್‌ನಲ್ಲಿ ಮೊಟ್ಟೆ. ಇದಕ್ಕೆ ಗಿಡ್ಡ ಹುಲ್ಲು, ಬರಿ ಮರಳು, ಮತ್ತು ಗೂಡು ಮರೆಮಾಡಲು ಒಂದು ಚಿಕ್ಕ ಹುಲ್ಲಿನ ಗುಪ್ಪೆ ಬೇಕು. 

ಡಾರ್ಟ್‌ಫರ್ಡ್ ವಾರ್ಬ್ಲರ್: ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಮೈ, ನಿಮಿರಿದ ಬಾಲ, ಕೆಂಪು ಕಣ್ಣು. ವಲಸೆ ಹೋಗುವುದಿಲ್ಲ. ಹುಳು ತಿಂದೇ ಚಳಿಗಾಲ ಕಳೆಯಬೇಕು. 1962-63ರ ಭಾರಿ ಚಳಿ ಮುಗಿದಾಗ ಇಡೀ ಬ್ರಿಟನ್ನಿನಲ್ಲಿ ಉಳಿದದ್ದು ಹತ್ತು ಹನ್ನೊಂದು ಜೋಡಿ. ಸಫೊಕ್‌ನಿಂದ ಮಾಯವಾಗಿದ್ದ ಈ ಹಕ್ಕಿ 1990ರ ದಶಕದಲ್ಲಿ ವಾಪಸ್ ಬಂತು. ಈಗ ಸಫೊಕ್ ಕರಾವಳಿಯ ಡನಿಚ್ ಹೀತ್‌ನಲ್ಲಿ ಗಾರ್ಸ್ ತುದಿಯಲ್ಲಿ ಕೂತು ಗೊರಗೊರ ಅನ್ನುತ್ತದೆ.

ಹೆಜ್ಜೆ 1: ಮೊದಲ ವರ್ಷ ನೋಡಿ, ಕಡಿಯಬೇಡಿ

ಉತ್ಸಾಹದಲ್ಲಿ ಬಂದವರಿಗೆ ಇದು ಕಷ್ಟ. ಆದರೂ ಒಂದು ಪೂರ್ತಿ ವರ್ಷ ನಡೆದಾಡಿ. ದೊಡ್ಡ ನಕ್ಷೆ ಪ್ರಿಂಟ್ ಹಾಕಿಸಿ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಮಾಡಿ: ಹೆದರ್ ಎಲ್ಲಿ, ಗಾರ್ಸ್ ಎಲ್ಲಿ, ಬ್ರಾಕನ್ ಎಲ್ಲಿ, ಬರಿ ನೆಲ ಎಲ್ಲಿ, ಸಸಿ ಎಲ್ಲಿ.

ಹೆದರ್‌ಗೆ ವಯಸ್ಸು ಇದೆ. ಮೊದಲ ಆರು ವರ್ಷ ಎಳೆಯದು, ನೆಲಕ್ಕೆ ಅಂಟಿಕೊಂಡಿರುತ್ತದೆ. ಹದಿನೈದರವರೆಗೆ ದಟ್ಟವಾಗಿ ಗುಂಡಗೆ ಬೆಳೆಯುತ್ತದೆ. ಇಪ್ಪತ್ತೈದು ದಾಟಿದ ಮೇಲೆ ನಡುವೆ ಬಾಯಿ ಬಿಟ್ಟು ಕಾಂಡಗಳು ಹೊರಗೆ ಬೀಳುತ್ತವೆ. ನಿಮ್ಮ ಹೀತ್‌ನಲ್ಲಿ ಎಲ್ಲ ಹೆದರ್ ಒಂದೇ ವಯಸ್ಸಿನದಾಗಿದ್ದರೆ ಅದೇ ನಿಮ್ಮ ಮೊದಲ ಸಮಸ್ಯೆ. ಎಲ್ಲವೂ ಒಟ್ಟಿಗೆ ಮುದಿಯಾಗುತ್ತವೆ.

ಹಕ್ಕಿ ಎಣಿಕೆಗೆ ವುಡ್‌ಲಾರ್ಕ್‌ಗಾಗಿ ಫೆಬ್ರವರಿ ಕೊನೆಯಿಂದ ಮೇವರೆಗೆ ಬೆಳಗ್ಗೆ ಹೋಗಿ. ವಾರ್ಬ್ಲರ್‌ಗೆ ಏಪ್ರಿಲ್‌ನಿಂದ ಜೂನ್, ಗಾಳಿ ಇಲ್ಲದ ದಿನ. ನೈಟ್‌ಜಾರ್‌ಗೆ ಮೇ ಕೊನೆಯಿಂದ ಜುಲೈ ನಡುವಿನವರೆಗೆ, ಸೂರ್ಯ ಮುಳುಗಿದ ಮೇಲೆ. ಎಲ್ಲವನ್ನೂ ದಾರಿಯ ಮೇಲೆ ನಿಂತೇ ಮಾಡಿ. ಗೂಡು ಹುಡುಕಬೇಡಿ. ವಾರ್ಬ್ಲರ್ ಮತ್ತು ವುಡ್‌ಲಾರ್ಕ್ ಎರಡಕ್ಕೂ 1981ರ ವನ್ಯಜೀವಿ ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆ ಇದೆ. ಗೂಡಿನ ಹತ್ತಿರ ತೊಂದರೆ ಕೊಟ್ಟರೂ ಅಪರಾಧ.

ಹೆಜ್ಜೆ 2: ಕಾಗದ ಪತ್ರ

ಬೇಗ ಹೇಳಿ ಮುಗಿಸುತ್ತೇನೆ. ಜಾಗ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಕತ್ತರಿ ಹಿಡಿಯುವ ಮೊದಲು ಸರ್ಕಾರದ ನಿಸರ್ಗ ಸಂರಕ್ಷಣಾ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್‌ನ ಒಪ್ಪಿಗೆ ಬೇಕು. ಸ್ಯಾಂಡ್ಲಿಂಗ್ಸ್‌ನ ದೊಡ್ಡ ಭಾಗ ನೈಟ್‌ಜಾರ್ ಮತ್ತು ವುಡ್‌ಲಾರ್ಕ್‌ಗೆಂದೇ ಸಂರಕ್ಷಿತ. ಮೂರು ತಿಂಗಳ ಅವಧಿಯಲ್ಲಿ 5 ಘನ ಮೀಟರ್‌ಗಿಂತ ಜಾಸ್ತಿ ಮರ ಕಡಿಯುವುದಾದರೆ ಫಾರೆಸ್ಟ್ರಿ ಕಮಿಷನ್ನಿನ ಲೈಸೆನ್ಸ್ ಬೇಕು. ಎದೆಮಟ್ಟದಲ್ಲಿ 8 ಸೆಂಟಿಮೀಟರ್‌ಗಿಂತ ಸಣ್ಣ ಸಸಿಗೆ ಬೇಡ. ಊರಿನ ಸಾಮೂಹಿಕ ಜಮೀನಾದರೆ ಬೇಲಿ ಹಾಕಲೂ ಅನುಮತಿ ಬೇಕು.

ಕಾಗದಕ್ಕಿಂತ ಮುಖ್ಯ, ಅಕ್ಕಪಕ್ಕದ ಜನಕ್ಕೆ ಮೊದಲೇ ಹೇಳುವುದು. ಗರಗಸದ ಸದ್ದು ಕೇಳಿದ ಮೇಲೆ ವಿವರಿಸಲು ಹೋದರೆ ಯಾರೂ ಕೇಳುವುದಿಲ್ಲ. ನನ್ನ ಅಮ್ಮನೇ ಕೇಳಲಿಲ್ಲ. ಕೆಲಸಕ್ಕೆ ತಿಂಗಳ ಮೊದಲು ಒಂದು ನಡಿಗೆ ಇಟ್ಟು, ಸಸಿ ತುಂಬಿದ ಜಾಗ ಮತ್ತು ತೆರೆದ ಜಾಗ ಎರಡನ್ನೂ ತೋರಿಸಿ.

ಹೆಜ್ಜೆ 3: ಕ್ಯಾಲೆಂಡರ್

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಳ್ಳೆಯ ಕೆಲಸ ತಪ್ಪು ತಿಂಗಳಲ್ಲಿ ಮಾಡಿದರೆ ಅದು ಕೆಟ್ಟ ಕೆಲಸ. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಡಿಯುವುದು, ಕೊಯ್ಯುವುದು, ಯಂತ್ರ ಓಡಿಸುವುದು ಬೇಡ. ನೈಟ್‌ಜಾರ್‌ನ ಎರಡನೇ ಮರಿಗಳು ಆಗಸ್ಟ್‌ನಲ್ಲೂ ನೆಲದ ಮೇಲೇ ಇರುತ್ತವೆ. ಫೆಬ್ರವರಿ ಬೆಚ್ಚಗಿದ್ದು ವುಡ್‌ಲಾರ್ಕ್ ಹಾಡಿದರೆ ಆ ಕಡೆಯ ಕೆಲಸ ಅವತ್ತೇ ನಿಲ್ಲಿಸಿ, ಅರ್ಧ ಉಳಿದಿದ್ದರೂ ಸರಿ. ನಿಮ್ಮ ಕೆಲಸದ ಕಾಲ ಸೆಪ್ಟೆಂಬರ್‌ನಿಂದ ಫೆಬ್ರವರಿ. ಹಗಲು ಚಿಕ್ಕದು, ಉತ್ತರ ಸಮುದ್ರದ ಗಾಳಿ ಕಿವಿ ಕೊಯ್ಯುತ್ತದೆ. ಫ್ಲಾಸ್ಕ್ ತುಂಬ ಕಾಫಿ ತನ್ನಿ.

ಹೆಜ್ಜೆ 4: ಸಸಿ ಕೀಳುವುದು

ಒಂದೆರಡು ವರ್ಷದ ಪೈನ್ ಸಸಿ ಕೈಯಲ್ಲೇ ಬರುತ್ತದೆ. ಮಳೆ ಬಿದ್ದ ಮರುದಿನ ಹೋದರೆ ಮರಳು ಸಡಿಲ, ಬೇರು ಸಮೇತ ಸಲೀಸಾಗಿ ಕೀಳಬಹುದು. ಬುಡ ಹಿಡಿದು, ಸ್ವಲ್ಪ ತಿರುಗಿಸಿ, ನೇರ ಮೇಲಕ್ಕೆ ಎಳೆಯಿರಿ. ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ, ಇಲ್ಲದಿದ್ದರೆ ಸೋಮವಾರ ಕುರ್ಚಿಯಲ್ಲಿ ಕೂರಲಾಗುವುದಿಲ್ಲ.

ದೊಡ್ಡ ಪೈನನ್ನು ನೆಲಮಟ್ಟಕ್ಕೆ ಕುಯ್ದರೆ ಮುಗಿಯಿತು, ಅದು ಮತ್ತೆ ಚಿಗುರುವುದಿಲ್ಲ. ಬರ್ಚ್ ಹಾಗಲ್ಲ. ಒಂದು ಕಡಿದರೆ ಮುಂದಿನ ವರ್ಷ ಅದೇ ಬುಡದಲ್ಲಿ ಹತ್ತು ಚಿಗುರು. ಕೀಳಲಾಗದ ಬರ್ಚ್ ಬುಡಕ್ಕೆ ತರಬೇತಿ ಪಡೆದವರಿಂದ ಔಷಧ ಹಚ್ಚಿಸಬೇಕು, ಅಥವಾ ಮೇಯುವ ಪ್ರಾಣಿ ಬಿಡಬೇಕು.

ಎಲ್ಲವನ್ನೂ ಕಡಿಯಬೇಡಿ. ದೂರ ದೂರಕ್ಕೆ ಒಂದೊಂದು ಹಳೆಯ ಪೈನ್, ಒಂದೊಂದು ಒಣ ಬರ್ಚ್ ಬಿಡಿ. ನೈಟ್‌ಜಾರ್ ಗಂಡು ಹಾಡಲು ಕೂರುವುದು ಅಂಥ ಕೊಂಬೆಯ ಮೇಲೆ. ವುಡ್‌ಲಾರ್ಕ್‌ಗೂ ಮರದ ತುದಿ ಬೇಕು.

ಇನ್ನು ನಮ್ಮ ತಪ್ಪು. ನಮ್ಮ ತಂಡ ಮೊದಲ ಚಳಿಗಾಲ ಒಂದು ಇಳಿಜಾರನ್ನು ಚೊಕ್ಕ ಮಾಡಿತು. ಕಡಿದದ್ದನ್ನೆಲ್ಲ ಯಂತ್ರಕ್ಕೆ ಕೊಟ್ಟು ಚೂರು ಮಾಡಿ ಅಲ್ಲೇ ಹರಡಿದೆವು. ಗೊಬ್ಬರ ಆಗಲಿ ಅನ್ನುವ ಮನೆ ತೋಟದ ಬುದ್ಧಿ. ಮುಂದಿನ ಬೇಸಿಗೆಗೆ ಅಲ್ಲಿ ತುರಿಕೆ ಸೊಪ್ಪು, ಮುಳ್ಳುಬಳ್ಳಿ, ಸೊಂಟದೆತ್ತರದ ಹುಲ್ಲು. ಹೆದರ್ ಒಂದೂ ಇಲ್ಲ. ಬಡತನವೇ ಈ ಮಣ್ಣಿನ ಬಲ, ಅದಕ್ಕೆ ಗೊಬ್ಬರ ಹಾಕಿದ್ದೆವು. ಆ ಚೂರನ್ನು ಕುಂಟೆಯಲ್ಲಿ ಎಳೆದು ಹೊರಗೆ ಸಾಗಿಸಲು ಎರಡು ಚಳಿಗಾಲ ಹಿಡಿಯಿತು. ಹಾಗಾಗಿ ಕಡಿದದ್ದು ಹೊರಗೆ ಹೋಗಲೇಬೇಕು. ಸುಡುವುದಾದರೆ ಒಂದೇ ಜಾಗದಲ್ಲಿ, ನೆಲದಿಂದ ಎತ್ತರಿಸಿದ ತಗಡಿನ ಮೇಲೆ ಸುಟ್ಟು ಬೂದಿಯನ್ನೂ ಹೊತ್ತು ತನ್ನಿ.

ಹೆಜ್ಜೆ 5: ಗಾರ್ಸ್

ಬಿಸಿಲು ಬಿದ್ದ ಏಪ್ರಿಲ್ ಮಧ್ಯಾಹ್ನ ಹೂಬಿಟ್ಟ ಗಾರ್ಸ್ ಪಕ್ಕ ನಿಲ್ಲಿ. ಕೊಬ್ಬರಿ ವಾಸನೆ ಬರುತ್ತದೆ. ನಿಜವಾಗಿಯೂ, ಆಗಷ್ಟೇ ತುರಿದ ಕೊಬ್ಬರಿ. ಮಂಗಳೂರಿನ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋದಾಗ ಅವಳು ಕಣ್ಣು ಮುಚ್ಚಿ ಐದು ನಿಮಿಷ ಅಲ್ಲೇ ನಿಂತಿದ್ದಳು.

ಕೈ ಹಾಕಿದರೆ ಮಾತ್ರ ರಕ್ತ. ಎಲೆಯೆಲ್ಲ ಮುಳ್ಳೇ. ಆ ಮುಳ್ಳೇ ವಾರ್ಬ್ಲರ್‌ಗೆ ಕೋಟೆ. ಹಿಮ ಬಿದ್ದು ಹೆದರ್ ಮುಚ್ಚಿಹೋದಾಗ ದಟ್ಟ ಗಾರ್ಸ್ ಒಳಗೆ ಹಿಮ ಇಳಿಯುವುದಿಲ್ಲ. ಅಲ್ಲಿ ಜೇಡ, ಹುಳು ಸಿಗುತ್ತವೆ. ಹಕ್ಕಿ ಅದನ್ನು ತಿಂದು ಬದುಕುತ್ತದೆ.

ಆದರೆ ಗಾರ್ಸ್ ಮುದಿಯಾದರೆ ಮೇಲೆ ಮಾತ್ರ ಹಸಿರು, ಕೆಳಗೆ ಬೋಳು ಕಾಂಡ. ಕೋಟೆಗೆ ಗೋಡೆಯೇ ಇಲ್ಲ. ಅದಕ್ಕೆ ಸರದಿ ಪ್ರಕಾರ ಕಡಿಯಬೇಕು. ನಿಮ್ಮಲ್ಲಿರುವ ಗಾರ್ಸನ್ನು ಹತ್ತು ಹನ್ನೆರಡು ಭಾಗ ಮಾಡಿ. ವರ್ಷಕ್ಕೆ ಒಂದು ಭಾಗ ನೆಲಮಟ್ಟಕ್ಕೆ ಕಡಿಯಿರಿ. ಬುಡದಿಂದ ಮತ್ತೆ ದಟ್ಟವಾಗಿ ಚಿಗುರುತ್ತದೆ. ಎಲ್ಲ ಭಾಗ ಮುಗಿದ ಮೇಲೆ ಮೊದಲನೆಯದಕ್ಕೆ ವಾಪಸ್. ಹೀಗೆ ಮಾಡಿದರೆ ಯಾವಾಗಲೂ ಎದೆಯೆತ್ತರದ ಗಟ್ಟಿ ಪೊದೆ ಎಲ್ಲೋ ಒಂದು ಕಡೆ ಇರುತ್ತದೆ. ಅಕ್ಕಪಕ್ಕದ ಎರಡು ಭಾಗವನ್ನು ಒಂದರ ಹಿಂದೆ ಒಂದರಂತೆ ಕಡಿಯಬೇಡಿ, ಹಕ್ಕಿ ಒಂದು ಪೊದೆಯಿಂದ ಇನ್ನೊಂದಕ್ಕೆ ತಗ್ಗಿನಲ್ಲೇ ಹಾರಿ ಹೋಗಬೇಕು. ಮತ್ತೆ, ಗಾರ್ಸ್ ಬೆಂಕಿಗೆ ಎಣ್ಣೆ ಹಚ್ಚಿದ ಪಂಜಿನ ಹಾಗೆ. ಕಾರ್ ಪಾರ್ಕ್ ಪಕ್ಕ, ಮನೆ ಪಕ್ಕ ಮಾತ್ರ ಅಗಲವಾಗಿ ತೆರವು ಮಾಡಿ.

ಹೆಜ್ಜೆ 6: ಹೆದರ್ ಕೊಯ್ಲು

ಇಲ್ಲಿಯೂ ಅದೇ ಲೆಕ್ಕ: ಸ್ವಲ್ಪ ಸ್ವಲ್ಪ, ಪ್ರತಿ ವರ್ಷ, ಬೇರೆ ಬೇರೆ ಕಡೆ. ಅಂಕುಡೊಂಕಾದ ಚಿಕ್ಕ ತುಂಡುಗಳಲ್ಲಿ ಕೊಯ್ಯಿರಿ. ನೇರ ಗೆರೆ ಬೇಡ. ಅಂಚು ಜಾಸ್ತಿ ಇದ್ದಷ್ಟೂ ಹಕ್ಕಿಗೆ ಒಳ್ಳೆಯದು, ಒಂದು ಕಡೆ ಮರೆ, ಇನ್ನೊಂದು ಕಡೆ ಮೇವು. ಕೊಯ್ದದ್ದನ್ನು ಹೊರಗೆ ಹಾಕಿ. ಅಕ್ಟೋಬರ್ ಮೇಲೆ ಕೊಯ್ದರೆ ಅದರಲ್ಲಿ ಬೀಜ ಇರುತ್ತದೆ, ಹೊಸ ಜಾಗದಲ್ಲಿ ಹರಡಲು ಬಳಸಬಹುದು. ಹಳೆಯ ಬೀಜ ಮಣ್ಣಿನಲ್ಲೂ ದಶಕಗಟ್ಟಲೆ ಕಾಯುತ್ತದೆ. ಪೈನ್ ತೋಪು ತೆಗೆದ ಮೇಲೆ ಬೀಜ ಬಿತ್ತದೆಯೂ ಹೆದರ್ ಬಂದದ್ದನ್ನು ನೋಡಿ ನಾನು ಬೆರಗಾಗಿದ್ದೇನೆ.

2022ರ ಬಿಸಿಲಿಗೆ ಡನಿಚ್‌ನಲ್ಲಿ ಹೆದರ್ ಕಂದು ಬಣ್ಣಕ್ಕೆ ತಿರುಗಿ ಒಣಗಿತು. ಆಗಸ್ಟ್‌ನ ನೇರಳೆ ಆ ವರ್ಷ ಇರಲೇ ಇಲ್ಲ. ಬೇರೆ ಬೇರೆ ವಯಸ್ಸಿನ ಪೊದೆ ಇಟ್ಟುಕೊಳ್ಳಲು ಇದು ಇನ್ನೊಂದು ಕಾರಣ. ಬರ ಬಂದರೆ ಎಲ್ಲವೂ ಒಟ್ಟಿಗೆ ಹೋಗಬಾರದು.

ಹೆಜ್ಜೆ 7: ಬರಿ ನೆಲ

ಇದನ್ನು ಮಾಡಲು ಜನಕ್ಕೆ ಮನಸ್ಸೇ ಬರುವುದಿಲ್ಲ. ಹಸಿರನ್ನು ಕೆರೆದು ಮರಳು ತೋರಿಸುವುದು ಹಾಳು ಮಾಡಿದ ಹಾಗೆ ಕಾಣುತ್ತದೆ. ಆದರೆ ವುಡ್‌ಲಾರ್ಕ್ ನಡೆದಾಡಿ ಹುಳು ಹೆಕ್ಕುವುದು ಅಲ್ಲೇ. ನೂರು ಪಾಲಿನಲ್ಲಿ ಐದು ಪಾಲಾದರೂ ಬರಿ ಮರಳು ಇರಲಿ. ದಕ್ಷಿಣಕ್ಕೆ ಮುಖ ಮಾಡಿದ ಬಿಸಿಲಿನ ಇಳಿಜಾರು ಆರಿಸಿ. ಗುದ್ದಲಿಯಲ್ಲೋ ಸಣ್ಣ ಯಂತ್ರದಲ್ಲೋ ಮೇಲಿನ ಕಪ್ಪು ಪದರ ಕೆರೆದು ತೆಗೆಯಿರಿ, ಕೆಳಗಿನ ಹಳದಿ ಮರಳು ಕಾಣುವ ತನಕ. ಹೊಸದಾಗಿ ಕೆರೆಯಲು ಜಾಗ ಬದಲಿಸುತ್ತ ಹೋಗಿ. ಹಾವು ಚಳಿಗಾಲ ಮಲಗುವ ಬಿಲ, ಹಳೆಯ ದಿಬ್ಬ ಮಾತ್ರ ಮುಟ್ಟಬೇಡಿ. ಇಲ್ಲಿ ಆ್ಯಡರ್ ಎಂಬ ವಿಷದ ಹಾವು ಇದೆ, ಅದೂ ಕಡಿಮೆಯಾಗುತ್ತಿದೆ.

ಒಂದು ಖುಷಿ ಹೇಳಲೇಬೇಕು. ಮರಳಲ್ಲಿ ಆಲಿಕೆಯಂಥ ಗುಂಡಿ ಮಾಡಿ, ತಳದಲ್ಲಿ ಕೂತು ಇರುವೆ ಹಿಡಿಯುವ ಹುಳ ಗೊತ್ತಲ್ಲ? ಚಿಕ್ಕವರಿದ್ದಾಗ ಹುಲ್ಲುಕಡ್ಡಿ ಇಳಿಬಿಟ್ಟು ಕೆಣಕುತ್ತಿದ್ದೆವು. ಅದರ ಒಂದು ಜಾತಿ ಬ್ರಿಟನ್ನಿನಲ್ಲಿ ತೀರಾ ಅಪರೂಪ, ಈ ಸ್ಯಾಂಡ್ಲಿಂಗ್ಸ್ ಮರಳಲ್ಲಿ ಇದೆ. ಮೊದಲ ಸಲ ಕಂಡಾಗ ಕಡ್ಡಿ ಹಾಕದೆ ಕೈ ಕಟ್ಟಿಕೊಂಡು ನೋಡಿದೆ.

ಹೆಜ್ಜೆ 8: ಬ್ರಾಕನ್

ಅತಿ ಹಠಮಾರಿ. ನೆಲದೊಳಗೆ ಬೇರುಕಾಂಡ ಹಬ್ಬಿ, ಮೇಲೆ ತರಗಿನ ದಪ್ಪ ಹಾಸು ಹಾಕಿ ಹೆದರನ್ನು ಉಸಿರುಗಟ್ಟಿಸುತ್ತದೆ. ಪುಸ್ತಕದ ಪ್ರಕಾರ ಜೂನ್ ನಡುವೆ ಒಮ್ಮೆ, ಜುಲೈ ಕೊನೆಗೆ ಒಮ್ಮೆ ಕೊಯ್ದರೆ ಸೊರಗುತ್ತದೆ. ಆದರೆ ಅದು ನೈಟ್‌ಜಾರ್ ಮೊಟ್ಟೆಯ ಕಾಲ. ನಾವು ಹೀಗೆ ಮಾಡುತ್ತೇವೆ: ಆಳೆತ್ತರ ದಟ್ಟವಾಗಿ ಬೆಳೆದು ಯಾವ ಹಕ್ಕಿಯೂ ಗೂಡಿಡದ ಕಡೆ, ಅನುಭವಿಗಳು ನೋಡಿ ಹೇಳಿದ ಮೇಲೆ ಮಾತ್ರ ಬೇಸಿಗೆಯಲ್ಲಿ ಕೊಯ್ಯುವುದು. ಹೆದರ್ ಅಂಚಿನಲ್ಲಿ ಮುಟ್ಟುವುದಿಲ್ಲ. ಅಲ್ಲಿ ಶರತ್ಕಾಲದಲ್ಲಿ ತರಗಿನ ಹಾಸನ್ನು ಕುಂಟೆಯಲ್ಲಿ ಎಳೆದು ತೆಗೆಯುತ್ತೇವೆ. ಚಳಿಗೆ ಒಡ್ಡಿದ ಮೊಗ್ಗುಗಳು ಹಿಮಕ್ಕೆ ಸಾಯುತ್ತವೆ. ಐದಾರು ವರ್ಷ ಬಿಡದೆ ಮಾಡಬೇಕು. ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ, ಸೊಂಟದಲ್ಲಿ ಉಣುಗು ಕಚ್ಚಿದೆಯಾ ನೋಡಿಕೊಳ್ಳಿ. ಲೈಮ್ ರೋಗ ತರುತ್ತದೆ.

ಹೆಜ್ಜೆ 9: ಮೇಯುವ ಪ್ರಾಣಿಗಳು

ಆಗುವುದಾದರೆ ಇದಕ್ಕಿಂತ ಒಳ್ಳೆಯ ಕೆಲಸಗಾರರಿಲ್ಲ. ಹೆಬ್ರಿಡಿಯನ್ ಕುರಿ ಬರ್ಚ್ ಚಿಗುರನ್ನು ಇಷ್ಟಪಟ್ಟು ತಿನ್ನುತ್ತದೆ. ಎಕ್ಸ್‌ಮೂರ್ ತಳಿಯ ಕುಳ್ಳ ಕುದುರೆಗಳು ಒರಟು ಹುಲ್ಲು, ಗಾರ್ಸ್ ತುದಿ ಮೇಯುತ್ತವೆ, ಓಡಾಡಿ ಮರಳು ತೆರೆಯುತ್ತವೆ. ಸಂಖ್ಯೆ ಕಡಿಮೆ ಇರಲಿ. ಜಾಸ್ತಿ ಬಿಟ್ಟರೆ ಹೆದರನ್ನೇ ಮುಗಿಸಿ ಹುಲ್ಲು ಮಾಡುತ್ತವೆ. ಇನ್ನೊಂದು ಮಾತು: ಜಂತುಹುಳಕ್ಕೆ ಕೊಡುವ ಐವರ್ಮೆಕ್ಟಿನ್ ಸಗಣಿಯಲ್ಲಿ ಉಳಿದು ಸಗಣಿ ಜೀರುಂಡೆಯ ಮರಿಹುಳಗಳನ್ನು ಕೊಲ್ಲುತ್ತದೆ. ನೈಟ್‌ಜಾರ್ ಊಟ ಅದೇ ಜೀರುಂಡೆ. ಪಶುವೈದ್ಯರ ಹತ್ತಿರ ಈ ವಿಷಯ ಮೊದಲೇ ಮಾತಾಡಿ.

ಹೆಜ್ಜೆ 10: ಜನ ಮತ್ತು ನಾಯಿ

ಒಂದು ಜೂನ್ ಬೆಳಿಗ್ಗೆ ಎಣಿಕೆ ಮುಗಿಸಿ ವಾಪಸ್ ಬರುವಾಗ ದಾರಿ ಪಕ್ಕದಲ್ಲೇ ಒಂದು ತೊಗಟೆ ತುಂಡು ಕಂಡೆ. ಬೂದು, ಕಂದು, ಒಣ ಎಲೆಯ ಗೆರೆ. ತೊಗಟೆಗೆ ಒಂದು ಕಣ್ಣು ಇತ್ತು, ಸೀಳಿನಷ್ಟು ತೆರೆದಿತ್ತು. ಕೂತ ನೈಟ್‌ಜಾರ್. ಎರಡು ಹೆಜ್ಜೆ ದೂರ. ಅದು ಅಲುಗಲಿಲ್ಲ. ನಾನು ಬಂದ ಹೆಜ್ಜೆಯಲ್ಲೇ ಹಿಂದೆ ಹಿಂದೆ ಸರಿದೆ. ನನ್ನ ಜಾಗದಲ್ಲಿ ಬಿಟ್ಟ ನಾಯಿ ಇದ್ದಿದ್ದರೆ ಅದು ಏಳುತ್ತಿತ್ತು. ಬೂದುಬಿಳಿ ಮೊಟ್ಟೆ ಬಯಲಿಗೆ ಬಿದ್ದ ಐದು ನಿಮಿಷದಲ್ಲಿ ಕಾಗೆ ಬರುತ್ತದೆ.

ಇಲ್ಲಿನ ತೆರೆದ ಸಾರ್ವಜನಿಕ ಜಮೀನಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು 2 ಮೀಟರ್‌ಗಿಂತ ಉದ್ದವಿಲ್ಲದ ಹಗ್ಗದಲ್ಲಿ ಹಿಡಿಯಬೇಕು ಅಂತ ಕಾನೂನು ಇದೆ. ಆದರೆ ಬೋರ್ಡಿನಲ್ಲಿ ಕಾನೂನು ಬರೆದರೆ ಜನ ಓದುವುದಿಲ್ಲ. 'ಈ ದಾರಿಯಿಂದ ಹತ್ತು ಹೆಜ್ಜೆಯೊಳಗೆ ಗೂಡು ಇದೆ' ಅಂತ ಬರೆದರೆ ಹಗ್ಗ ತಾನಾಗಿ ಕೈಗೆ ಬರುತ್ತದೆ, ನಾನು ನೋಡಿದ್ದೇನೆ. ಗೂಡಿನ ಖಚಿತ ಜಾಗ ಮಾತ್ರ ಯಾರಿಗೂ ಹೇಳಬೇಡಿ, ಫೋಟೊ ಹಾಕಬೇಡಿ. ದಾರಿಗಳನ್ನು ಅಗಲ, ಒಣ, ಚೆನ್ನಾಗಿ ಇಟ್ಟರೆ ಜನ ಅಡ್ಡದಾರಿ ಹಿಡಿಯುವುದಿಲ್ಲ. ನಾಯಿ ಬಿಟ್ಟು ಓಡಿಸಲು ಹೀತ್ ಹೊರಗೆ ಒಂದು ಹೊಲ ತೋರಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ಹೆಜ್ಜೆ 11: ಸಮುದ್ರ ತಿನ್ನುವ ಮೊದಲು ಹಿಂದೆ ಜಾಗ ಮಾಡಿ

ಡನಿಚ್ ಒಂದು ಕಾಲದಲ್ಲಿ ದೊಡ್ಡ ಬಂದರು ಪಟ್ಟಣ. 1286ರ ಬಿರುಗಾಳಿಯಿಂದ ಶುರುವಾಗಿ ಸಮುದ್ರ ಅದನ್ನು ಬೀದಿ ಬೀದಿಯಾಗಿ ನುಂಗಿತು. ಅದೇ ಸಮುದ್ರ ಈಗಲೂ ದಂಡೆಯ ಮರಳನ್ನು ಕೊರೆಯುತ್ತಿದೆ. ಅಂಚಿನಲ್ಲಿ ಹೋದ ಹೀತ್‌ಗೆ ಬದಲಾಗಿ ಒಳಗೆ ಹೊಸದು ಬೇಕು. ಪಕ್ಕದ ಮಿನ್ಸ್‌ಮಿಯರ್ ಪಕ್ಷಿಧಾಮದಲ್ಲಿ ಹಳೆಯ ಹೊಲಗಳನ್ನು ಹೀತ್‌ಗೆ ತಿರುಗಿಸುವ ಪ್ರಯತ್ನ ನಡೆದಿದೆ. ಗೊಬ್ಬರ ಉಂಡ ಮಣ್ಣಿನ ಸಾರ ಇಳಿಸಿ, ಗಂಧಕ ಹಾಕಿ ಹುಳಿ ಮಾಡಿ, ಬೀಜವಿರುವ ಹೆದರ್ ಕೊಯ್ಲನ್ನು ಹರಡುವುದು ಅದರ ಕ್ರಮ. ನಿಧಾನದ ಕೆಲಸ. ಒಬ್ಬರ ಕೈಯಲ್ಲಿ ಆಗುವುದಲ್ಲ, ಆದರೆ ಪಕ್ಕದ ಹೊಲ ಮಾರಾಟಕ್ಕೆ ಬಂದಾಗ ನಿಮ್ಮ ನಕ್ಷೆ ತಯಾರಿರಬೇಕು.

ಹೆಜ್ಜೆ 12: ಮತ್ತೆ ಎಣಿಸಿ

1981ರಲ್ಲಿ ಬ್ರಿಟನ್ನಿನಲ್ಲಿ ಎಣಿಸಿದಾಗ ಹಾಡುವ ನೈಟ್‌ಜಾರ್ ಗಂಡುಗಳು ಸುಮಾರು 2,100. 2004ರಲ್ಲಿ 4,600. ವುಡ್‌ಲಾರ್ಕ್ 1986ರಲ್ಲಿ 250ರ ಆಸುಪಾಸು ಜೋಡಿ ಇದ್ದದ್ದು 2006ಕ್ಕೆ 3,000 ಮುಟ್ಟಿತು. ಸಫೊಕ್‌ನಲ್ಲಿ ಇದಕ್ಕೆ ಒಂದು ಕಾರಣ ವಿಚಿತ್ರ: 1987ರ ಅಕ್ಟೋಬರ್ ಬಿರುಗಾಳಿ ರೆಂಡಲ್‌ಶಮ್, ಟನ್‌ಸ್ಟಲ್ ಪೈನ್ ತೋಪುಗಳನ್ನು ಉರುಳಿಸಿತು. ತೆರೆದ ಜಾಗಕ್ಕೆ ಈ ಹಕ್ಕಿಗಳು ಬಂದು ತುಂಬಿದವು. ಅಮ್ಮನಿಗೆ ಕೊನೆಗೆ ಅರ್ಥವಾದದ್ದು ಈ ಮಾತಿನಿಂದ. "ಗಾಳಿ ಮಾಡಿದ ಕೆಲಸಾನೇ ನೀವು ಕೈಯಲ್ಲಿ ಮಾಡ್ತಿದ್ದೀರ ಅನ್ನು" ಅಂದರು.

ಎಣಿಕೆಗೆ ಬರುವುದಾದರೆ ಜೂನ್ ನಡುವಿನ ಗಾಳಿಯಿಲ್ಲದ ಸಂಜೆ ಬನ್ನಿ. ಒಂಬತ್ತೂಕಾಲಿಗೆ ಸೂರ್ಯ ಮುಳುಗುತ್ತದೆ. ತುಂಬು ತೋಳಿನ ಅಂಗಿ ಇರಲಿ, ಸೊಳ್ಳೆ ಇವೆ. ದಾರಿ ಕೂಡುವಲ್ಲಿ ನಿಂತು ಕಾಯಿರಿ. ಹತ್ತಾಗುವ ಹೊತ್ತಿಗೆ ದೂರದಲ್ಲಿ ಹೊಲಿಗೆ ಯಂತ್ರ ಓಡಿಸಿದ ಸದ್ದು ಶುರುವಾಗುತ್ತದೆ, ಉಸಿರು ತೆಗೆದುಕೊಳ್ಳದೆ ನಿಮಿಷಗಟ್ಟಲೆ. ಅದು ಒಂದು. ದಿಕ್ಕು ಮತ್ತು ಸಮಯ ಬರೆದುಕೊಳ್ಳಿ. ಎರಡನೆಯದು ಬೇರೆ ದಿಕ್ಕಿನಲ್ಲಿ ಅದೇ ಹೊತ್ತಿಗೆ ಕೇಳಿದರೆ ಮಾತ್ರ ಎರಡು ಅಂತ ಲೆಕ್ಕ. ಕಳೆದ ವರ್ಷ ನಾವು ಚೂರು ಹರಡಿ ಕೆಡಿಸಿದ್ದ ಆ ಇಳಿಜಾರಿನ ಕಡೆಯಿಂದ 9.52ಕ್ಕೆ ಒಂದು ಹಾಡಿತು. ಹಾಳೆಯಲ್ಲಿ ಬರೆದ ಆ ಸಾಲು ಸ್ವಲ್ಪ ಸೊಟ್ಟಗಿದೆ, ಕೈ ನಡುಗುತ್ತಿತ್ತು.